ಗದ್ದೆಯ ನೀರು ಇಳಿಯಲಿ, ಅನ್ನದ ಪಾಲು ಇಳಿಯದಿರಲಿ

ಭೂಮಿ ಬಿಸಿಯಾಗುತ್ತಿರುವುದಕ್ಕೆ ಕಾರಣವೇನೆಂದು ಕೇಳಿದರೆ ನಗರವಾಸಿಗಳಾದ ನಾವು ಕಾರ್ಖಾನೆಯ ಹೊಗೆಗೊಳವೆಯನ್ನೋ ರಸ್ತೆ ತುಂಬಿದ ವಾಹನಗಳನ್ನೋ ತೋರಿಸುತ್ತೇವೆ. ಊಟದ ತಟ್ಟೆಯತ್ತ ಬೆರಳು ಮಾಡುವವರು ವಿರಳ. ಸಸ್ಯಾಹಾರಿಗಳಾದ ನಮಗಂತೂ, ನಮ್ಮ ಊಟದಿಂದ ಯಾರಿಗೂ ಕೇಡಿಲ್ಲವೆಂಬ ಸಮಾಧಾನ ತಲೆತಲಾಂತರದಿಂದ ಬಂದಿದೆ. ಆ ಸಮಾಧಾನದಲ್ಲಿ ಸತ್ಯಾಂಶವಿದೆ, ಪೂರ್ಣ ಸತ್ಯವಿಲ್ಲ.

ಭಾರತ ಹೊರಸೂಸುವ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ. 14ರಷ್ಟು ಕೃಷಿಯಿಂದ ಬರುತ್ತದೆಂಬುದು ಕೇಂದ್ರ ಸರ್ಕಾರವೇ ವಿಶ್ವಸಂಸ್ಥೆಗೆ ಒಪ್ಪಿಸಿದ ಲೆಕ್ಕ. ಅದರಲ್ಲಿ ಅರ್ಧಕ್ಕೂ ಮಿಗಿಲಾದುದು ದನ, ಎಮ್ಮೆ ಮುಂತಾದ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಿಂದ ಬರುವ ಮೀಥೇನ್. ಉಳಿದುದರಲ್ಲಿ ಹೆಚ್ಚಿನ ಪಾಲು ನೀರು ನಿಂತ ಭತ್ತದ ಗದ್ದೆಗಳದು ಮತ್ತು ಯೂರಿಯಾ ಉಂಡ ಹೊಲಗಳದು. ಅನ್ನ, ಹಾಲು, ತುಪ್ಪ ಇವುಗಳಿಗೂ ಹೊಗೆಯುಂಟು. ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಹಾಗೆಂದು ಬೆಳೆಯುವುದನ್ನೇ ಕಡಿಮೆ ಮಾಡಲಾದೀತೇ? 2013ರ ಆಹಾರ ಭದ್ರತಾ ಕಾಯಿದೆಯನ್ವಯ ಸುಮಾರು 80 ಕೋಟಿ ಜನ ಪಡಿತರದ ಧಾನ್ಯವನ್ನು ನೆಚ್ಚಿರುವ ದೇಶ ನಮ್ಮದು. ನೆರೆಯ ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರವನ್ನು ಒಂದೇ ಆಜ್ಞೆಯಿಂದ ನಿಷೇಧಿಸಿತು. ಭತ್ತದ ಇಳುವರಿ ಕುಸಿಯಿತು; ಕೆಲವೇ ತಿಂಗಳಲ್ಲಿ ಆಜ್ಞೆಯನ್ನು ಹಿಂಪಡೆಯಬೇಕಾಯಿತು. ಉದ್ದೇಶ ಒಳ್ಳೆಯದಾಗಿದ್ದರೂ ಅವಸರದ ಬೆಲೆಯನ್ನು ತೆತ್ತವರು ಬಡವರು.

ಆದರೆ ಅನ್ನ ಅಥವಾ ಹವಾಮಾನ, ಎರಡರಲ್ಲೊಂದನ್ನೇ ಆರಿಸಿಕೊಳ್ಳಬೇಕೆಂಬುದು ನಿಜವಲ್ಲ. ಗದ್ದೆಯಲ್ಲಿ ಸದಾ ನೀರು ನಿಂತರೆ ಮಣ್ಣಿಗೆ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದೆಡೆ ಬದುಕುವ ಸೂಕ್ಷ್ಮಜೀವಿಗಳು ಮೀಥೇನನ್ನು ಹುಟ್ಟಿಸುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಅದರ ಶಾಖಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು. ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಬಳಕೆಗೆ ತಂದ ಉಪಾಯ ಸರಳವಾದುದು. ತೂತು ಕೊರೆದ ಕೊಳವೆಯೊಂದನ್ನು ಗದ್ದೆಯಲ್ಲಿ ಹೂಳುವುದು. ಅದರೊಳಗೆ ನೀರು ನೆಲಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ಮತ್ತೆ ನೀರು ಹಾಯಿಸುವುದು. ಹೂ ಬಿಡುವ ಕಾಲದಲ್ಲಿ ಮಾತ್ರ ನೀರಿಗೆ ಕೊರತೆ ಮಾಡಬಾರದು. ಹೀಗೆ ಮಾಡಿದಲ್ಲಿ ಇಳುವರಿ ತಗ್ಗದೆ ಮೀಥೇನ್ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಇಳಿಯುತ್ತದೆ, ನೀರೂ ಉಳಿಯುತ್ತದೆ. ಪಶುಗಳ ವಿಷಯದಲ್ಲಿಯೂ ಸಮತೋಲನದ ಮೇವು ಕೊಟ್ಟಾಗ, ಒಂದು ಲೀಟರ್ ಹಾಲಿಗೆ ಬೀಳುವ ಮೀಥೇನಿನ ಲೆಕ್ಕ ಇಳಿಯುತ್ತದೆ.

ಇಷ್ಟು ಸುಲಭವಾದುದನ್ನು ರೈತನೇಕೆ ಮಾಡುತ್ತಿಲ್ಲ? ಅವನ ಅಜ್ಞಾನವನ್ನು ಹಳಿಯುವುದು ತಪ್ಪು. ಪಂಜಾಬಿನಲ್ಲಿ ಪಂಪ್‌ಸೆಟ್ಟಿಗೆ ವಿದ್ಯುತ್ತು ಉಚಿತ. ನೀರು ಉಳಿಸಿದವನಿಗೆ ಉಳಿಯುವ ಹಣವಿಲ್ಲ. ನಮ್ಮ ತುಂಗಭದ್ರಾ ಕಾಲುವೆಯ ಕೊನೆಯ ಭಾಗದ ರೈತನಿಗೆ ಮುಂದಿನ ಸರದಿ ಎಂದು ಬಂದೀತೆಂಬ ಭರವಸೆಯಿಲ್ಲ. ಬಂದ ದಿನ ಗದ್ದೆ ತುಂಬಿಸಿಕೊಳ್ಳದಿದ್ದರೆ ಅವನು ಮೂರ್ಖನಾಗುತ್ತಾನೆ. ಯೂರಿಯಾದ 45 ಕಿಲೋ ಚೀಲಕ್ಕೆ ₹266.50, ಡಿಎಪಿಯ 50 ಕಿಲೋ ಚೀಲಕ್ಕೆ ₹1,350. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಡಲಾಯಿತು. ಅಗ್ಗವಾದುದನ್ನು ರೈತ ಹೆಚ್ಚು ಸುರಿದರೆ ಅದು ಅವನ ದೋಷವೇ? ಬೆಳೆ ಹೀರದೆ ಬಿಟ್ಟ ಸಾರಜನಕದ ಒಂದಂಶ ನೈಟ್ರಸ್ ಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಅದರ ಶಾಖಶಕ್ತಿ ಸುಮಾರು 270 ಪಟ್ಟು.

2021ರಲ್ಲಿ ಗ್ಲಾಸ್ಗೋದಲ್ಲಿ ಪ್ರಕಟವಾದ ಜಾಗತಿಕ ಮೀಥೇನ್ ಪ್ರತಿಜ್ಞೆಗೆ ಭಾರತ ಸಹಿ ಹಾಕಲಿಲ್ಲ. ಬಡ ರೈತನ ಜೀವನೋಪಾಯವನ್ನೂ ಸಿರಿವಂತ ದೇಶಗಳ ಭೋಗವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ವಾದ ನ್ಯಾಯವಾದುದು. ಆದರೆ ನ್ಯಾಯವಾದ ವಾದವು ಆಲಸ್ಯಕ್ಕೆ ಹೊದಿಕೆಯಾಗಬಾರದು. ನೀರು ಉಳಿಸಿದ ರೈತನಿಗೆ ಸರ್ಕಾರ ಹಣ ಕೊಡಲಿ. ಪಂಜಾಬ್ ಸರ್ಕಾರ 2022ರಿಂದ ನಾಟಿಯಿಲ್ಲದೆ ನೇರ ಬಿತ್ತನೆ ಮಾಡಿದವರಿಗೆ ಎಕರೆಗೆ ₹1,500 ಘೋಷಿಸಿದ್ದು ಸರಿಯಾದ ಹೆಜ್ಜೆ. ಕಾಲುವೆಯ ಸರದಿ ನಂಬುವಂತಾಗಲಿ. ಕರ್ನಾಟಕ ಪಡಿತರದಲ್ಲಿ ರಾಗಿ, ಜೋಳಗಳನ್ನು ಕೊಡುವಂತೆ ಇತರ ರಾಜ್ಯಗಳೂ ಕಡಿಮೆ ನೀರು ಕುಡಿಯುವ ಧಾನ್ಯಗಳನ್ನು ಕೊಂಡು ಹಂಚಲಿ.

ಇನ್ನು ನಮ್ಮ ಮಾತು. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ನಮ್ಮ ಅನೇಕ ಮನೆತನಗಳಿಗೆ ಊರಿನಲ್ಲಿ ಇಂದಿಗೂ ಭೂಮಿಯಿದೆ. ಬೆಳಗಾವಿಯ ಕಬ್ಬಿನ ಹೊಲವಿರಲಿ, ತುಳುನಾಡಿನ ಗದ್ದೆಯಿರಲಿ, ಅದನ್ನು ಲಾವಣಿಗೋ ಪಾಲಿಗೋ ಮಾಡುವವನು ಬೇರೊಬ್ಬ. ಪಹಣಿಯಲ್ಲಿರುವುದು ನಮ್ಮ ಹೆಸರು; ಭೂಮಿಯ ಲೆಕ್ಕದಲ್ಲಿ ನೆರವು ಬಂದರೆ ಅದು ಪಹಣಿಯ ಹೆಸರಿಗೇ ಹೋಗುವ ಸಂಭವ ಹೆಚ್ಚು. ಗೊಬ್ಬರ ತಗ್ಗಿಸಿ, ನೀರು ಅಳೆದು ಪ್ರಯೋಗ ಮಾಡೆಂದು ಅವನಿಗೆ ಹೇಳುವುದು ಸುಲಭ; ಬೆಳೆ ಕೈಕೊಟ್ಟರೆ ಲಾವಣಿಯ ಹಣಕ್ಕೆ ಅವನನ್ನೇ ಹಿಡಿಯುವುದು ನಮ್ಮ ರೂಢಿ. ಮಣ್ಣು ಪರೀಕ್ಷೆಯ ಖರ್ಚನ್ನು ನಾವು ಭರಿಸೋಣ. ಪ್ರಯೋಗದ ವರ್ಷ ನಷ್ಟವಾದರೆ ಲಾವಣಿಯಲ್ಲಿ ಒಂದು ಪಾಲನ್ನು ಬಿಡೋಣ. ಬಂದ ನೆರವನ್ನು ಉಳುವವನ ಕೈಗೆ ಮುಟ್ಟಿಸೋಣ.

ಅಪರಿಗ್ರಹವನ್ನು ಪ್ರವಚನದಲ್ಲಿ ಕೇಳಿ ತಲೆದೂಗುವ ನಮಗೆ ಅದನ್ನು ಆಚರಿಸಲು ಇದಕ್ಕಿಂತ ಹತ್ತಿರದ ಕ್ಷೇತ್ರ ಸಿಗಲಾರದು.