ಕೊಳ್ಳುವವನ ಅಸ್ತೇಯ

ವ್ಯಾಪಾರದಲ್ಲಿ ಮೋಸವೆಂದೊಡನೆ ಲೋಕದ ದೃಷ್ಟಿ ಮಾರುವವನ ಮೇಲೆಯೇ ಹರಿಯುತ್ತದೆ. ತಕ್ಕಡಿ ಅವನ ಕೈಯಲ್ಲಿದೆ, ಸರಕು ಅವನದು, ಆದುದರಿಂದ ಪಾಪವೂ ಅವನದೇ ಎಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಕೊಳ್ಳುವವನು ಸದಾ ನಿರಪರಾಧಿ. ಅಗ್ಗಕ್ಕೆ ಕೊಂಡನೆಂದರೆ ಜಾಣ. ಈ ಜಾಣತನವು ಎಲ್ಲಿ ಚೌರ್ಯದ ಗಡಿಯನ್ನು ಮುಟ್ಟುತ್ತದೆಂಬುದನ್ನು ಕಾಣಬೇಕಾದವರು ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರುಗಳ ಪೇಟೆಯನ್ನು ಒಮ್ಮೆ ನೋಡಬೇಕು. ಒಂದೇ ವರ್ಷ ಒಂದೇ ಕಾರ್ಖಾನೆಯಿಂದ ಹೊರಬಿದ್ದ ಎರಡು ಕಾರುಗಳ ಬೆಲೆಗೆ ಅಲ್ಲಿ ಅಜಗಜಾಂತರ.

ಜಾಗ್ವಾರ್ ಇ-ಟೈಪ್ ಕಾರನ್ನೇ ತೆಗೆದುಕೊಳ್ಳಬಹುದು. 1961ರ ಮಾರ್ಚ್ ತಿಂಗಳಲ್ಲಿ ಜಿನೀವಾದ ಪ್ರದರ್ಶನದಲ್ಲಿ ಲೋಕದ ಕಣ್ಣಿಗೆ ಬಿದ್ದ ಈ ಕಾರಿಗೆ ಆಗ ಇಂಗ್ಲೆಂಡಿನಲ್ಲಿ ಎರಡು ಸಾವಿರ ಪೌಂಡಿಗಿಂತ ತುಸು ಹೆಚ್ಚು ಬೆಲೆ. 1974ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ 70 ಸಾವಿರಕ್ಕೂ ಹೆಚ್ಚು ಕಾರುಗಳು ಸಿದ್ಧವಾಗಿದ್ದವು. ಅಪರೂಪದ ವಸ್ತುವೆನ್ನಲು ಆಸ್ಪದವಿಲ್ಲ. ಆದರೂ ಬಾನೆಟ್ಟಿನ ಬೀಗ ಹೊರಬದಿಯಲ್ಲಿರುವ ಮೊದಲ ಕೆಲವು ನೂರು ಕಾರುಗಳಿಗೆ ಒಂದು ಬೆಲೆ, 1964ರ 4.2 ಲೀಟರ್ ಎಂಜಿನಿನದಕ್ಕೆ ಇನ್ನೊಂದು, 1966ರಲ್ಲಿ ಬಂದ ಉದ್ದ ಮೈಯ ನಾಲ್ಕು ಸೀಟಿನದಕ್ಕೆ ಅದಕ್ಕಿಂತ ಬಹಳ ಕಡಿಮೆ. ಮೇಲ್ಛಾವಣಿ ತೆರೆಯುವ ಕಾರಿಗೆ ಮುಚ್ಚಿದ ಕಾರಿಗಿಂತ ಬೇಡಿಕೆ ಹೆಚ್ಚಾದುದರಿಂದ, ಮುಚ್ಚಿದ ಕಾರಿನ ತಲೆ ಕತ್ತರಿಸಿ ತೆರೆದ ಕಾರೆಂದು ದಾಟಿಸಿದ ಪ್ರಸಂಗಗಳೂ ಉಂಟು.

ಇಂಥ ಕಾರಿನ ಬೆಲೆಯನ್ನು ಹೊಳೆಯುವ ಬಣ್ಣ ಹೇಳುವುದಿಲ್ಲ, ತುಕ್ಕು ಹೇಳುತ್ತದೆ. ಇ-ಟೈಪಿಗೆ ಹಿಂದಿನ ಕಾರುಗಳಂತೆ ಪ್ರತ್ಯೇಕ ಚಾಸಿಸ್ ಇಲ್ಲ. ನಡುಭಾಗದ ತಗಡಿನ ಪೆಟ್ಟಿಗೆಯೇ ಭಾರ ಹೊರುತ್ತದೆ, ಎಂಜಿನನ್ನು ಹೊತ್ತ ಕೊಳವೆಗಳ ಚೌಕಟ್ಟು ಅದರ ಮುಂದೆ ಬೋಲ್ಟುಗಳಿಂದ ನಿಂತಿದೆ. ಬಾಗಿಲ ಕೆಳಗಿನ ಸಿಲ್‌ಗಳು ಕೊಳೆತರೆ ಕಾರಿನ ಬೆನ್ನೆಲುಬೇ ಕೊಳೆತಂತೆ. ಆ ತೂತುಗಳಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದರೆ ಕಣ್ಣಿಗೆ ಏನೂ ಕಾಣದು. ಅಯಸ್ಕಾಂತ ಹಿಡಿದರೆ ಮಾತ್ರ ಪುಟ್ಟಿಯಿದ್ದಲ್ಲಿ ಅದು ಅಂಟುವುದಿಲ್ಲ. ಬಾಗಿಲ ಸುತ್ತಲಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ, ಆಧಾರ ಕೊಡದೆ ಬೆಸುಗೆ ಹಾಕಿ ಮೈ ಜಗ್ಗಿದೆಯೆಂದು ಶಂಕಿಸಬೇಕು. ಐದೇ ಅಂಕೆಗಳ ಓಡೋಮೀಟರು ಲಕ್ಷ ಮೈಲಿ ಮುಟ್ಟಿದೊಡನೆ ಸೊನ್ನೆಗೆ ಮರಳುವುದರಿಂದ ಅದರ ಸಾಕ್ಷ್ಯಕ್ಕೆ ಹೆಚ್ಚಿನ ಬೆಲೆಯಿಲ್ಲ. ಹಿಂದಿನ ಬ್ರೇಕುಗಳು ಚಕ್ರದ ಬಳಿಯಿಲ್ಲದೆ ಒಳಗೆ ಡಿಫರೆನ್ಷಿಯಲ್ಲಿನ ಪಕ್ಕದಲ್ಲಿವೆ. "ಬ್ರೇಕಿನ ಸಣ್ಣ ಕೆಲಸ ಅಷ್ಟೇ" ಎಂದು ಮಾರುವವನು ಹೇಳಿದ್ದು ಹಿಂಭಾಗವನ್ನೆಲ್ಲ ಕಳಚುವ ಕೆಲಸವಾಗಿ ಪರಿಣಮಿಸಬಹುದು. ಬ್ರಿಟನ್ನಿನಲ್ಲಿ 2018ರಿಂದ, ಬಹಳ ಬದಲಾವಣೆಗೊಳಗಾಗದ 40 ವರ್ಷ ಮೀರಿದ ಕಾರುಗಳಿಗೆ ವಾರ್ಷಿಕ ಯೋಗ್ಯತಾ ಪರೀಕ್ಷೆಯೂ ಕಡ್ಡಾಯವಲ್ಲ. ಕೊಳ್ಳುವವನ ಎಚ್ಚರವೇ ಅಲ್ಲಿ ರಕ್ಷೆ.

ಲೆಕ್ಕ ಕಠಿಣವಲ್ಲ. ಅದೇ ಮಾದರಿಯ ಸುಸ್ಥಿತಿಯ ಕಾರು 80 ಸಾವಿರ ಪೌಂಡಿಗೆ ಹೋಗುತ್ತದೆ ಎಂದಿಟ್ಟುಕೊಂಡರೆ, ಸಿಲ್ಲು, ನೆಲ, ಬಾನೆಟ್ಟು, ಬಣ್ಣಗಳಿಗೆ 45 ಸಾವಿರ ಬೇಕಾಗುವಾಗ 35 ಸಾವಿರವೇ ನ್ಯಾಯವಾದ ಬೆಲೆ. ಕಾಣದ ದೋಷಕ್ಕೆಂದು ಇನ್ನಷ್ಟು ಕಳೆದರೆ ತಪ್ಪಿಲ್ಲ. ಬಹುಮಂದಿ ಈ ಲೆಕ್ಕ ಹಾಕದೆ ಹರಾಜಿನ ಸುದ್ದಿ ಓದಿ ಬೆಲೆ ಕಟ್ಟುತ್ತಾರೆ. 2018ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಒಂದು ಫೆರಾರಿ 250 ಜಿಟಿಓ 4.84 ಕೋಟಿ ಡಾಲರಿಗೆ ಹೋಯಿತೆಂಬ ಮಾತ್ರಕ್ಕೆ ನೆರೆಮನೆಯ ಗ್ಯಾರೇಜಿನಲ್ಲಿ ಕೊಳೆಯುತ್ತಿರುವ ಕಾರು ರತ್ನವಾಗದು. 1980ರ ದಶಕದ ಕೊನೆಯಲ್ಲಿ ಹೀಗೆಯೇ ಏರಿದ ಬೆಲೆಗಳು ಮುಂದಿನ ದಶಕದ ಆರಂಭದಲ್ಲಿ ಕುಸಿದುಬಿದ್ದವು. ಸಾಲ ಮಾಡಿ ಕೊಂಡವರ ಕೈಯಲ್ಲಿ ಸಾಲವೂ ತುಕ್ಕೂ ಉಳಿದವು.

ಇನ್ನು ಮೂಲ ಯಾವುದೆಂಬ ಪ್ರಶ್ನೆ. ಚಾಸಿಸ್, ಎಂಜಿನ್, ಗೇರ್‌ಬಾಕ್ಸುಗಳ ಸಂಖ್ಯೆಗಳು ಕಾರ್ಖಾನೆಯ ದಾಖಲೆಗೆ ಸರಿಹೊಂದಿದರೆ ಬೆಲೆ ಏರುತ್ತದೆ. ಏರುವುದೆಂದು ಗೊತ್ತಾದೊಡನೆ ಸಂಖ್ಯೆಯನ್ನೇ ಕೆತ್ತಿ ಅಚ್ಚೊತ್ತುವವರೂ ಹುಟ್ಟಿಕೊಳ್ಳುತ್ತಾರೆ. 1929 ಮತ್ತು 1930ರಲ್ಲಿ ಲೆ ಮಾನ್ಸ್ ಪಂದ್ಯ ಗೆದ್ದ 'ಓಲ್ಡ್ ನಂಬರ್ ಒನ್' ಬೆಂಟ್ಲಿಯ ಮಾರಾಟ ಇಂಥದೇ ಸಂಶಯದಿಂದ 1990ರಲ್ಲಿ ಲಂಡನ್ನಿನ ನ್ಯಾಯಾಲಯವನ್ನು ಏರಿತು. ಮೂಲದ ಭಾಗಗಳು ಬಹುಪಾಲು ಉಳಿದಿಲ್ಲವಾದ್ದರಿಂದ ಇದು ಆ ಕಾರೇ ಅಲ್ಲ ಎಂದು ಕೊಳ್ಳುವವರ ವಾದ. ಬದಲಾವಣೆಗಳ ನಡುವೆಯೂ ಕಾರಿನ ಬಾಳು ಕಡಿಯದೆ ಸಾಗಿಬಂದಿದೆಯೆಂದು ನ್ಯಾಯಾಧೀಶರು ಅದನ್ನು ಸಾಚಾ ಎಂದೇ ತೀರ್ಪಿತ್ತರು. ಪರ್ಯಾಯಗಳು ಅಳಿದು ಹುಟ್ಟುತ್ತಿರಲು ದ್ರವ್ಯ ನಿಲ್ಲುವ ಬಗೆಯನ್ನು ಬಾಲ್ಯದಿಂದ ಕೇಳಿದವರಿಗೆ ಈ ತೀರ್ಪು ಅಪರಿಚಿತವೆನಿಸದು.

ಇಷ್ಟೆಲ್ಲ ಪರೀಕ್ಷೆ ಮಾರುವವನ ಮೋಸದಿಂದ ಪಾರಾಗಲು. ಆದರೆ ಆ ಪೇಟೆಯಲ್ಲಿ ಅತ್ಯಂತ ಮೆಚ್ಚುಗೆಯಿಂದ ಹೇಳಲ್ಪಡುವ ಕಥೆ ಯಾವುದು? ಗಂಡನನ್ನು ಕಳೆದುಕೊಂಡ ವೃದ್ಧೆಯ ಕೊಟ್ಟಿಗೆಯಲ್ಲಿ ಗೋಣಿಚೀಲಗಳ ಕೆಳಗೆ ಮೂವತ್ತು ವರ್ಷ ಮಲಗಿದ್ದ ಕಾರು. ಅದರ ಬೆಲೆ ಆಕೆಗೆ ತಿಳಿಯದು. ಬಂದವನು ಬಲ್ಲವನು, ಆದರೆ ಮುಖ ಸಿಂಡರಿಸಿ, "ಗುಜರಿಗೆ ಹೋಗುವ ಮಾಲು, ಸ್ಥಳ ಖಾಲಿ ಮಾಡಿಕೊಡುತ್ತೇನೆ" ಎಂದು ಕೆಲವು ನೂರು ಪೌಂಡು ಕೊಟ್ಟು ಎಳೆದೊಯ್ಯುತ್ತಾನೆ. ಕೇಳಿದವರೆಲ್ಲ ಅವನ ಅದೃಷ್ಟವನ್ನು ಕೊಂಡಾಡುತ್ತಾರೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಸದೃಶ ಸನ್ಮಿಶ್ರವು ಪುಟ್ಟಿ ಮೆತ್ತುವವನಿಗೂ ಸಂಖ್ಯೆ ಕೆತ್ತುವವನಿಗೂ ನೇರವಾಗಿ ತಗಲುತ್ತದೆ. ಹೀನಾಧಿಕ ವಿನಿಮಾನವೋ ಕೊಡುವಾಗ ಕಿರಿದಾದ, ತೆಗೆದುಕೊಳ್ಳುವಾಗ ಹಿರಿದಾದ ಅಳತೆಯನ್ನು ಬಳಸುವುದು. ತೆಗೆದುಕೊಳ್ಳುವವನ ಕೈಯೂ ಅಲ್ಲಿ ಹೆಸರುಗೊಂಡಿದೆ! ಕೊಟ್ಟಿಗೆಯಲ್ಲಿ ನಿಂತು ರತ್ನವನ್ನು ಗುಜರಿಯೆಂದವನು ಹಿಡಿದದ್ದು ಆ ಹಿರಿದಾದ ಕೊಳಗವನ್ನೇ.

"ಇಬ್ಬರೂ ಒಪ್ಪಿದ್ದೇ ಬೆಲೆ, ಮೂರನೆಯವರಿಗೇನು?" ಎಂಬ ವಾದ ಹೊಸದಲ್ಲ. ಇಂಗ್ಲೆಂಡಿನ ಕಾನೂನೂ ಅದರ ಬೆಂಬಲಕ್ಕೆ ನಿಲ್ಲುತ್ತದೆ. ಕುದುರೆಯ ಓಟ್ಸ್ ಕಾಳಿಗೆ ಸಂಬಂಧಿಸಿದ 1871ರ ಸ್ಮಿತ್-ಹ್ಯೂಸ್ ವ್ಯಾಜ್ಯದಿಂದ ಈಚೆಗೆ, ಎದುರಿನವನು ತಾನಾಗಿ ತಪ್ಪು ತಿಳಿದಾಗ ಸುಮ್ಮನಿದ್ದ ಮಾತ್ರಕ್ಕೆ ಮೋಸವಾಗದೆಂಬುದು ಅಲ್ಲಿನ ನಿಯಮ. ಆದರೆ ಒಪ್ಪಿಗೆಗೆ ಅರಿವು ಬೇಡವೇ? ತಿಳಿಯದೆ ಕೊಟ್ಟದ್ದು ಕೊಟ್ಟದ್ದಾದರೆ ಅದತ್ತಾದಾನವೆಂಬ ಪದಕ್ಕೆ ಅರ್ಥವೇನು ಉಳಿಯಿತು? ಇನ್ನು ಬಲ್ಲವನು ವರ್ಷಗಟ್ಟಲೆ ಕಲಿತ ವಿದ್ಯೆಗೆ ಪ್ರತಿಫಲ ಬೇಡವೇ ಎಂಬುದು ತುಸು ತೂಕವುಳ್ಳ ಆಕ್ಷೇಪ. ಬೇಕು, ಸಂದೇಹವಿಲ್ಲ. ಆ ಪ್ರತಿಫಲವನ್ನು ದಲ್ಲಾಳಿಯಂತೆ ಹೇಳಿ ಕೇಳಿ ಪಡೆಯಲು ಯಾರ ಅಡ್ಡಿಯೂ ಇಲ್ಲ. ಇಂಥ ಕಾರನ್ನು ಕೊಳ್ಳುವುದೇ ಪರಿಗ್ರಹವಲ್ಲವೇ ಎಂಬುವರೂ ಇದ್ದಾರೆ. ಪರಿಮಾಣವ್ರತಿಯು ತನ್ನ ಮಿತಿಯನ್ನು ತಾನೇ ಬಲ್ಲ, ಅದು ಬೇರೆ ಚರ್ಚೆ.

ಉಪಾಯವೂ ದುಬಾರಿಯಲ್ಲ. ಈ ಕಾರುಗಳನ್ನು ಬಲ್ಲ ಸ್ವತಂತ್ರ ಪರೀಕ್ಷಕನಿಗೆ ಕೆಲವು ನೂರು ಪೌಂಡು ಕೊಟ್ಟರೆ ಕಾರನ್ನು ಎತ್ತಿ, ತಳ ನೋಡಿ, ಸಂಖ್ಯೆಗಳನ್ನು ತಾಳೆಹಾಕಿ, ದೋಷಗಳನ್ನೂ ಅಂದಾಜು ಬೆಲೆಯನ್ನೂ ಬರೆದುಕೊಡುತ್ತಾನೆ. ಆ ಬರಹದ ಒಂದು ಪ್ರತಿಯನ್ನು, ಚೌಕಾಸಿ ಆರಂಭವಾಗುವ ಮೊದಲೇ, ಕೊಟ್ಟಿಗೆಯ ಒಡತಿಯ ಕೈಯಲ್ಲಿಡಲು ಖರ್ಚಾಗುವುದು ಒಂದು ಹಾಳೆ ಕಾಗದ.