ಕಾಲೇಜು ಸೀಟಿನ ಲೆಕ್ಕ ಎಂಟನೇ ತರಗತಿಯಿಂದ

ಪಿ.ಯು.ಸಿ. ಫಲಿತಾಂಶ ಬಂದ ಮಾರನೆಯ ದಿನದಿಂದ ನಮ್ಮ ತಾಲ್ಲೂಕುಗಳಲ್ಲಿ ಒಂದು ಓಟ ಆರಂಭವಾಗುತ್ತದೆ. ನಾಡಕಚೇರಿಯಿಂದ ಶಾಲೆಗೆ, ಶಾಲೆಯಿಂದ ಬಿ.ಇ.ಓ. ಕಚೇರಿಗೆ, ಅಲ್ಲಿಂದ ತಿರುಗಿ ನಾಡಕಚೇರಿಗೆ. ಓಡುವವರು ಯಾರು? ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಬಂದ ಮಗ್ಗದ ಕೆಲಸಗಾರರು, ಅಂಗಡಿಯ ಬಾಗಿಲು ಅರ್ಧ ಎಳೆದು ಬಂದ ಸಣ್ಣ ವ್ಯಾಪಾರಿಗಳು. ಉಳ್ಳವರು ಈ ಓಟದಲ್ಲಿ ಕಾಣುವುದಿಲ್ಲ. ಅವರ ಕಾಗದಪತ್ರಗಳು ಐದು ವರ್ಷ ಮೊದಲೇ ಅಣಿಯಾಗಿರುತ್ತವೆ. ಅವರಿಗೆ ಹೇಳಿಕೊಡುವವರಿದ್ದಾರೆ, ನಮ್ಮವರಿಗೆ ಇಲ್ಲ.

ನಮ್ಮ ಪರಿಚಯದ ನೇಕಾರರೊಬ್ಬರ ಮಗಳು ದೊಡ್ಡಬಳ್ಳಾಪುರದ ಬಳಿಯ ಹಳ್ಳಿಯಲ್ಲಿ ಏಳನೆಯ ತರಗತಿಯವರೆಗೆ ಓದಿದಳು. ಆ ಊರಿನಲ್ಲಿ ಹೈಸ್ಕೂಲು ಇಲ್ಲ. ಎಂಟರಿಂದ ಹತ್ತರವರೆಗೆ ದಿನವೂ ಬಸ್ಸಿನಲ್ಲಿ ಪಟ್ಟಣದ ಶಾಲೆಗೆ ಬಂದಳು. ಇಂಜಿನಿಯರಿಂಗಿಗೆ ಅರ್ಜಿ ಹಾಕುವಾಗ ಗ್ರಾಮೀಣ ಮೀಸಲಾತಿ ಕೇಳಿದರೆ, ಪಟ್ಟಣದಲ್ಲಿ ಓದಿದ ಆ ಮೂರು ವರ್ಷಗಳ ಕಾರಣದಿಂದ ಅದು ಸಿಗಲಿಲ್ಲ. “ಊರಲ್ಲಿ ಹೈಸ್ಕೂಲೇ ಇಲ್ಲ ಸ್ವಾಮಿ, ನಾನು ಎಲ್ಲಿ ಓದಿಸ್ಲಿ?” ಎಂದು ತಂದೆ ಕೇಳಿದರು. ಮೇಜಿನ ಆ ಕಡೆ ಕುಳಿತವರಲ್ಲಿ ಉತ್ತರವಿರಲಿಲ್ಲ.

ನಿಯಮ ಇರುವುದು ಹೀಗೆ. ಸಿ.ಇ.ಟಿ. ಮೂಲಕ ಹಂಚುವ ಸರಕಾರಿ ಕೋಟಾದ ಸೀಟುಗಳಲ್ಲಿ ಶೇ. 15 ಗ್ರಾಮೀಣ ಅಭ್ಯರ್ಥಿಗಳಿಗೆ, ಶೇ. 5 ಕನ್ನಡ ಮಾಧ್ಯಮದವರಿಗೆ ಮೀಸಲು. ಬೇರೆ ಷರತ್ತುಗಳೂ ಉಂಟು; ಮುಖ್ಯವಾದುದು, ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು, ಇಲ್ಲವೆ ಪೂರ್ತಿ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಒಂಬತ್ತು ವರ್ಷವಾದರೆ ಸಾಲದು. ಪುರಸಭೆ, ನಗರಸಭೆಯ ಎಲ್ಲೆಯೊಳಗಿನ ಶಾಲೆ ಗ್ರಾಮೀಣವೆನಿಸುವುದಿಲ್ಲ. 1986ರಲ್ಲಿ ‘ಗ್ರಾಮಾಂತರ’ ಎಂಬ ಹೆಸರಿನಲ್ಲೇ ಹುಟ್ಟಿದ ಜಿಲ್ಲೆ ನಮ್ಮದು. ಆದರೆ ಜಿಲ್ಲೆಯ ಹೆಸರು ತೋರಿಸಿದರೆ ಯಾರೂ ಸೀಟು ಕೊಡುವುದಿಲ್ಲ.

ಹಳ್ಳಿಗೆ ಹೈಸ್ಕೂಲು ಕೊಡದ ಸರಕಾರ, ಹಳ್ಳಿಯ ಹುಡುಗಿ ಪಟ್ಟಣಕ್ಕೆ ಬಂದು ಓದಿದಳೆಂದು ಅವಳ ಹಕ್ಕನ್ನು ಕಿತ್ತುಕೊಳ್ಳುವುದು ಯಾವ ನ್ಯಾಯ? ಹೈಸ್ಕೂಲಿಲ್ಲದ ಊರಿನ ಮಕ್ಕಳಿಗೆ ಆ ಮೂರು ವರ್ಷಗಳನ್ನು ಗ್ರಾಮೀಣವೆಂದೇ ಎಣಿಸಬೇಕು. ಇದನ್ನು ನಾವು ಬೇಡುತ್ತಿಲ್ಲ, ಒತ್ತಾಯಿಸುತ್ತೇವೆ. ಆದರೆ ನಿಯಮ ಬದಲಾಗುವ ತನಕ ಏಳನೆಯ ತರಗತಿ ಮುಗಿಸುವ ಪ್ರತಿ ಮಗುವಿನ ತಂದೆತಾಯಿಗೆ ಇದು ಗೊತ್ತಿರಬೇಕು. ಪಕ್ಕದ ಹಳ್ಳಿಯಲ್ಲಿ ಒಳ್ಳೆಯ ಹೈಸ್ಕೂಲಿದ್ದೂ ‘ಪೇಟೆ ಶಾಲೆ’ಯ ಆಸೆಗೆ ಬಿದ್ದವರನ್ನು ನಾವು ಕಂಡಿದ್ದೇವೆ. ಮಾಧ್ಯಮದ ಮಾತೂ ಅಷ್ಟೇ. ನಡುವೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದು ತಪ್ಪೆಂದು ನಾವು ಹೇಳುವುದಿಲ್ಲ, ಅದು ಅವರವರ ವಿವೇಚನೆ. ಅದಕ್ಕೆ ತೆರುವ ಬೆಲೆ ಏನೆಂದು ತಿಳಿದು ಸೇರಿಸಲಿ.

ಈ ಸೀಟುಗಳು ಯಾರೋ ದಾನ ಕೊಟ್ಟವಲ್ಲ. ಹಿಂದುಳಿದವರಿಗಾಗಿ ಹಾವನೂರರ ಆಯೋಗ 1975ರಲ್ಲಿ ವರದಿ ಕೊಟ್ಟಿತು. 1984ರಲ್ಲಿ ಕ್ಯಾಪಿಟೇಶನ್ ಶುಲ್ಕದ ವಿರುದ್ಧ ಶಾಸನ ಬಂತು. 1993ರಲ್ಲಿ ಉನ್ನಿಕೃಷ್ಣನ್ ಮೊಕದ್ದಮೆಯ ತೀರ್ಪಾದ ಮೇಲೆ, 1994ರಲ್ಲಿ ನಮ್ಮ ರಾಜ್ಯದಲ್ಲಿ ಸಿ.ಇ.ಟಿ. ಆರಂಭವಾಯಿತು. ದುಡ್ಡಿನ ಚೀಲ ಹಿಡಿದವನಿಗೆ ಮಾತ್ರ ತೆರೆಯುತ್ತಿದ್ದ ಬಾಗಿಲು ಅಷ್ಟಾದರೂ ಸಡಿಲವಾದದ್ದು ಹೀಗೆ. ಕಾನೂನಿನಲ್ಲಿ ಗೆದ್ದದ್ದನ್ನು ಒಂದು ಸರ್ಟಿಫಿಕೇಟಿಗಾಗಿ ಕಳೆದುಕೊಂಡರೆ ಅದಕ್ಕಿಂತ ಹೊಟ್ಟೆಯುರಿ ಬೇರೆ ಯಾವುದಿದೆ?

ಎಂಟನೆಯ ತರಗತಿಯಲ್ಲೇ ಇನ್ನೊಂದು ಅವಕಾಶ ಬಂದು ಹೋಗುತ್ತದೆ. ಎನ್.ಎಂ.ಎಂ.ಎಸ್. ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಅದು. ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಆಯ್ಕೆಯಾದವರಿಗೆ ಒಂಬತ್ತನೆಯ ತರಗತಿಯಿಂದ ಎರಡನೆಯ ಪಿ.ಯು.ಸಿ.ವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಮಗ್ಗದ ಮನೆಯಲ್ಲಿ ಈ ಹಣವಿದ್ದರೆ ಹುಡುಗನನ್ನು ಕಂಡಿಕೆ ಸುತ್ತಲು ಕೂರಿಸುವ ಗೊಡವೆಯಿಲ್ಲ. ಎಂಟು ದಾಟಿದ ಮೇಲೆ ಈ ಪರೀಕ್ಷೆಗೆ ಕೂರಲಾಗದು.

ಆದಾಯ ಪ್ರಮಾಣಪತ್ರದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅದರ ಅವಧಿ ಐದು ವರ್ಷ. ಎಂಟನೆಯ ತರಗತಿಯ ಜೂನ್ ತಿಂಗಳಲ್ಲಿ ಮಾಡಿಸಿದ ಪತ್ರ ಸರಿಯಾಗಿ ಎರಡನೆಯ ಪಿ.ಯು.ಸಿ. ಮುಗಿದ ಜೂನಿನಲ್ಲಿ, ಎಂದರೆ ಸೀಟು ಹಂಚಿಕೆಯ ಹೊತ್ತಿಗೇ, ಸತ್ತುಹೋಗುತ್ತದೆ. ಆದ್ದರಿಂದ ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಹಳೆಯದನ್ನು ತೆಗೆದು ತಾರೀಖು ನೋಡಿ, ಹೊಸದಕ್ಕೆ ಅರ್ಜಿ ಹಾಕಬೇಕು. ಪ್ರತಿ ರಾತ್ರಿ ಕಾಸುಕಾಸಿನ ಲೆಕ್ಕ ಬರೆಯುವ ನಮ್ಮ ವ್ಯಾಪಾರಿ ಮಿತ್ರರೂ ಮಗನ ಕಾಗದಗಳನ್ನು ಮಾತ್ರ ಹಳೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಮರೆಯುತ್ತಾರೆ!

ಒಂಬತ್ತು, ಹತ್ತನೆಯ ತರಗತಿಯಲ್ಲಿ ನೋಡಬೇಕಾದದ್ದು ಹೆಸರು ಮತ್ತು ಹುಟ್ಟಿದ ದಿನ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅಚ್ಚಾದದ್ದೇ ಮುಂದೆ ಎಲ್ಲ ಕಡೆಯೂ ಆಧಾರ. ಪರೀಕ್ಷೆಗೆ ಮೊದಲು ಹೆಡ್‌ಮಾಸ್ಟರರ ಬಳಿ ಸುಲಭವಾಗಿ ಆಗುವ ತಿದ್ದುಪಡಿಗೆ, ಆಮೇಲೆ ತಿಂಗಳುಗಟ್ಟಲೆ ಅಲೆಯಬೇಕಾದೀತು.

ಎಸ್.ಎಸ್.ಎಲ್.ಸಿ. ಆದ ಮೇಲೆ ವಿಷಯಗಳ ಆಯ್ಕೆ. ಗಣಿತ ಕಷ್ಟವೆಂದು ಪಿ.ಯು.ಸಿ.ಯಲ್ಲಿ ಬಿಟ್ಟವರಿಗೆ ಇಂಜಿನಿಯರಿಂಗ್ ಇಲ್ಲ. ಪಾಲಿಟೆಕ್ನಿಕ್ಕಿನ ದಾರಿಯನ್ನು ನಮ್ಮವರು ಏಕೆ ಕಡೆಗಣಿಸುತ್ತಾರೋ ತಿಳಿಯದು. ಮೂರು ವರ್ಷದ ಡಿಪ್ಲೊಮಾ ಮುಗಿಸಿ ದುಡಿಯಬಹುದು, ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲೂಬಹುದು.

ಈ ಅಗ್ರಲೇಖನದ ಬರೆಹಗಾರ ಕೆಲಕಾಲ ಮೇಷ್ಟ್ರಾಗಿದ್ದವನು. ವ್ಯಾಕರಣ, ಬಾಯಿಲೆಕ್ಕ ಎಲ್ಲ ಹೇಳಿಕೊಟ್ಟರೂ ಈ ಸಂಗತಿಗಳಲ್ಲಿ ಒಂದನ್ನೂ ಮಕ್ಕಳ ಮನೆಯವರಿಗೆ ಹೇಳಿದ್ದಿಲ್ಲ. ಹೇಳಬೇಕೆಂದು ಇಲಾಖೆ ಕೇಳಲೂ ಇಲ್ಲ. ಈ ಕೆಲಸವನ್ನು ಒಬ್ಬೊಬ್ಬ ಉಪಾಧ್ಯಾಯರ ಒಳ್ಳೆಯತನಕ್ಕೆ ಬಿಡುವಂತಿಲ್ಲ. ಎಂಟನೆಯ ತರಗತಿಗೆ ಸೇರಿದ ಪ್ರತಿ ಮಗುವಿನ ಮನೆಗೆ ಶಾಲೆಯಿಂದಲೇ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಹೋಗಬೇಕು. ಪೋಷಕರ ಸಭೆಯನ್ನು ಮಗ್ಗಗಳು ನಿಲ್ಲುವ ದಿನ ಕರೆಯಬೇಕು. ಪಾಳಿಯ ಹೊತ್ತಿಗೆ ಕರೆದು ‘ಯಾರೂ ಬರಲಿಲ್ಲ’ ಎಂದು ಬರೆದುಕೊಂಡರೆ ಯಾರಿಗೆ ಉಪಯೋಗ?

ಸರಕಾರಿ ಶಾಲೆಗಳ ಎಸ್.ಡಿ.ಎಂ.ಸಿ.ಯಲ್ಲಿ ಸದಸ್ಯರಾಗಿ ಕೂರುವವರು ಪೋಷಕರೇ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ನಮ್ಮ ಓದುಗರ ಪೈಕಿ ಹಲವರು ಆ ಸ್ಥಾನದಲ್ಲಿದ್ದಾರೆ. ಬರುವ ಸಭೆಯ ಕಾರ್ಯಸೂಚಿಯಲ್ಲಿ ಈ ಹಾಳೆಯ ವಿಷಯವನ್ನು ಸೇರಿಸಿ, ನಿರ್ಣಯ ಬರೆಸಿ, ಪ್ರತಿಯನ್ನು ಬಿ.ಇ.ಓ.ಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಲಿ.