ಕಿರೀಟ ಇಳಿಸಿ, ಓಲೆಗರಿ ಕೊಡಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ಸೀಮೆಯ ಲಿಂಗಾಯತರ ಮನೆಗಳಲ್ಲಿ ಬಸವಣ್ಣನವರ ಭಾವಚಿತ್ರ ಹೊಸದೇನಲ್ಲ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಅವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿದ ಮೇಲೆ ಸರ್ಕಾರಿ ಕಚೇರಿಗಳ ಗೋಡೆಗೂ ಅದು ಬಂತು. ಸಂತೋಷವೇ. ಆದರೆ ಶರಣ ಬಂಧುಗಳೇ, ಆ ಚಿತ್ರಕ್ಕೆ ನಾವು ಹಾರ ಹಾಕುತ್ತೇವೆ, ಅದನ್ನು ಓದುವುದಿಲ್ಲ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಕ್ಷೆ ಓದಿ ಸಂಬಳ ತೆಗೆದುಕೊಂಡವನು. ನಕ್ಷೆಯಲ್ಲಿ ಒಂದು ಗೆರೆ ಇದ್ದರೆ ಅದಕ್ಕೆ ಕಾರಣವಿರಬೇಕು. ಹೆಚ್ಚಾಗಿ ಕಾಣುವ ಬಸವಣ್ಣನವರ ಚಿತ್ರವನ್ನು ಹಾಗೆಯೇ ನೋಡಿ. ತಲೆಯ ಮೇಲೆ ರತ್ನದ ಕಿರೀಟ, ಕಿವಿಯಲ್ಲಿ ಕುಂಡಲ, ಕೊರಳ ತುಂಬ ಮುತ್ತಿನ ಹಾರ. ಆ ಹಾರಗಳ ನಡುವೆ ಇಷ್ಟಲಿಂಗವನ್ನು ಹುಡುಕಬೇಕು. ಮುಖದಲ್ಲಿ ಶಾಂತಿ ಇದೆ, ಒಪ್ಪಿದೆ. ಅದು ದರ್ಬಾರಿನಲ್ಲಿ ಕುಳಿತವನ ಶಾಂತಿ. ತನ್ನನ್ನು ತಾನೇ ಜರೆದುಕೊಂಡ, ಶರಣರೆದುರು ಕಿರಿಯನಾಗಿ ನಿಂತ ಮನುಷ್ಯನ ತಳಮಳ ಅಲ್ಲಿ ಒಂದು ಗೆರೆಯಷ್ಟೂ ಇಲ್ಲ.

ಅವರು ಮಂತ್ರಿಯಾಗಿದ್ದರಲ್ಲ ಎನ್ನುತ್ತಾರೆ. ಕರಣಿಕರಾಗಿ ಲೆಕ್ಕ ಬರೆದು ಭಂಡಾರಿಯಾದವರು ಅವರು. ಕಿರೀಟವಿದ್ದದ್ದು ಬಿಜ್ಜಳನಿಗೆ. ನಮ್ಮ ಕಲ್ಲಹಳ್ಳಿಯ ದೇವರಾಜ ಅರಸರು ರಾಜಮನೆತನದ ನೆಂಟರು, ಹೆಸರಲ್ಲೇ ಅರಸು, ಮುಖ್ಯಮಂತ್ರಿಯೂ ಆದವರು. ಅವರಿಗೆ ಯಾರಾದರೂ ಕಿರೀಟ ಬರೆದಿದ್ದಾರೆಯೇ? ಅರಸರಿಗೆ ಫೋಟೋ ಇದೆ, ಸುಳ್ಳು ಬರೆದರೆ ಸಿಕ್ಕಿಬೀಳುತ್ತೇವೆ. ಬಸವಣ್ಣನವರಿಗೆ ಅವರ ಕಾಲದ ಚಿತ್ರವಿಲ್ಲ. 1260ರ ಅರ್ಜುನವಾಡ ಶಾಸನದಲ್ಲಿ ಹೆಸರು ಸಿಗುತ್ತದೆ, ಮುಖ ಸಿಗುವುದಿಲ್ಲ. ಆದ್ದರಿಂದ ಕಲಾವಿದ ಬರೆದ ಪ್ರತಿ ಗೆರೆಯೂ ಒಂದು ವ್ಯಾಖ್ಯಾನ. ಈ ವ್ಯಾಖ್ಯಾನ ನಮಗೆ ಒಪ್ಪಿಗೆಯೇ?

ಉಳಿದ ಶರಣರನ್ನು ಹೇಗೆ ಬರೆಯುತ್ತೇವೆ ನೋಡಿ. ಅಂಬಿಗರ ಚೌಡಯ್ಯನವರ ಕೈಯಲ್ಲಿ ಹುಟ್ಟು, ಮಡಿವಾಳ ಮಾಚಿದೇವರ ಬಳಿ ಬಟ್ಟೆಯ ಗಂಟು, ಹರಳಯ್ಯನವರ ಮುಂದೆ ಚಮ್ಮಾವುಗೆ. ಎಲ್ಲರಿಗೂ ಕಾಯಕ, ಬಸವಣ್ಣನವರಿಗೆ ಮಾತ್ರ ಕಿರೀಟ! ಅವರ ಕಾಯಕದ ಓಲೆಗರಿ ಎಲ್ಲಿ, ಬರೆಯುವ ಕಂಟ ಎಲ್ಲಿ? ಕಾಯಕ ದುಡಿಯುವ ಜಾತಿಗಳಿಗೆ, ದೊಡ್ಡತನ ನಮ್ಮವರಿಗೆ ಎಂದು ಈ ಚಿತ್ರಗಳ ಸಾಲು ಮಾತಿಲ್ಲದೆ ಹೇಳುತ್ತಿದೆ. ವೈದಿಕರು ಬಸವಣ್ಣನವರನ್ನು ತಿರುಚುತ್ತಾರೆಂದು ವೇದಿಕೆಯಲ್ಲಿ ಗುಡುಗುವ ನಾವು ಈ ತಿರುಚನ್ನು ನಮ್ಮ ದುಡ್ಡಿನಲ್ಲೇ ಅಚ್ಚು ಹಾಕಿಸುತ್ತೇವೆ.

ನಮ್ಮ ಕಡೆಯ ಒಂದು ಬಸವ ಜಯಂತಿಯ ಚಿತ್ರಸ್ಪರ್ಧೆಯಲ್ಲಿ ಹೈಸ್ಕೂಲು ಹುಡುಗಿಯೊಬ್ಬಳು ಪೆನ್ಸಿಲ್ಲಿನಲ್ಲಿ ಬರೆದಿದ್ದಳು: ಬರಿದಲೆ, ಎಡ ಅಂಗೈಯಲ್ಲಿ ಇಷ್ಟಲಿಂಗ, ಅರೆತೆರೆದ ಕಣ್ಣು ಅದರ ಮೇಲೆ. ಹುಬ್ಬಿನ ನಡುವೆ ಸಣ್ಣದೊಂದು ಗಂಟು. ಅನುಷ್ಠಾನಕ್ಕೆ ಕುಳಿತವರಿಗೆ ಆ ಗಂಟು ಗೊತ್ತು. ಬಹುಮಾನ ಬರಲಿಲ್ಲ. "ಕಿರೀಟವೇ ಇಲ್ಲ ಸಾರ್, ಬಸವಣ್ಣ ಅಂತ ಹೇಗೆ ಗೊತ್ತಾಗಬೇಕು?" ಎಂದರು ತೀರ್ಪುಗಾರರು. ಇಷ್ಟಲಿಂಗ ಕಂಡರೂ ಗೊತ್ತಾಗದವರಿಗೆ ಏನು ಹೇಳುವುದು!

ಪಹಣಿ ತಿದ್ದುಪಡಿಗೆಂದು ಆರು ತಿಂಗಳು ಅಲೆದ ರೈತ ಕಚೇರಿಯಲ್ಲಿ ತಲೆಯೆತ್ತಿದರೆ ಅವನಿಗೆ ಕಾಣುವುದು ಮತ್ತೊಬ್ಬ ದೊರೆ. ಅಲ್ಲಿ ಓಲೆಗರಿ ಹಿಡಿದ ಕರಣಿಕನಿದ್ದರೆ ಕಡತದ ಮುಂದೆ ಕುಳಿತವನಿಗೂ ಸ್ವಲ್ಪ ಮುಜುಗರವಾದೀತು.

ಬರುವ ಬಸವ ಜಯಂತಿಗೆ ಈ ನಾಲ್ಕು ತಾಲ್ಲೂಕುಗಳ ಮಠಗಳು ಕಿರೀಟವಿಲ್ಲದ, ಇಷ್ಟಲಿಂಗವೂ ಓಲೆಗರಿಯೂ ಇರುವ ಚಿತ್ರವನ್ನು ಬರೆಸಿ ಮನೆಮನೆಗೆ ಹಂಚಲಿ. ಬರೆಯುವವರನ್ನು ಆಯುವಾಗ ಆ ಹುಡುಗಿಯನ್ನೂ ಕರೆಯಲಿ. ಅಚ್ಚಿನ ಖರ್ಚಿಗೆ ನನ್ನ ಒಂದು ತಿಂಗಳ ಪಿಂಚಣಿ ಕೊಡುತ್ತೇನೆ.